ದಳವಾಯಿ ಊಟ ಮಾಡಿಲ್ಲ

ಇಸೋನೊ ಬಂದರಿನ ಎರಡನೇ ಓಣಿಯಲ್ಲಿ ಎಂಟು ಸ್ಟೂಲುಗಳ ಹೋಟೆಲು ನಡೆಸುವ ಉಮೆಗಾಕಿ ಶೋಜಿ ಒಳ್ಳೆಯ ಅಡುಗೆಯವನು. ಆದರೆ ಅವನೆದುರು ಕೂತು ಉಣ್ಣುವುದು ಸುಲಭವಲ್ಲ. ಬಟ್ಟಲು ಮುಂದಿಟ್ಟು ಅವನು ಸರಿದು ಹೋಗುವುದಿಲ್ಲ. ಬಡಿಸುವ ಕಟ್ಟೆಯ ಆಚೆಯಿಂದ ಎರಡೂ ಕೈ ಊರಿ, ಕತ್ತು ಚಾಚಿ, ತುತ್ತು ಬಾಯಿಗೆ ಹೋಗುವುದನ್ನು, ದವಡೆ ಆಡುವುದನ್ನು, ಗಂಟಲ ಉಬ್ಬು ಒಮ್ಮೆ ಮೇಲೇರಿ ಕೆಳಗಿಳಿಯುವುದನ್ನು ನೋಡುತ್ತಾನೆ. ಇಳಿದದ್ದು ಖಾತ್ರಿಯಾದ ಮೇಲೆ ಕೇಳುತ್ತಾನೆ: "ಹೇಗಿದೆ?"

ಮದುವೆಯಾದ ಹೊಸತರಲ್ಲಿ ಹೆಂಡತಿ ಸಾವಾಕೊ ಇದಕ್ಕೊಂದು ಉಪಾಯ ಕಂಡುಕೊಂಡಳು. ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದಳು. ಮೂವತ್ತು ವರ್ಷವಾಯಿತು, ಈಗಲೂ ಹಾಗೆಯೇ ಉಣ್ಣುತ್ತಾಳೆ.

ಆ ಕಡೆ ಸಣ್ಣ ಹೋಟೆಲಿನ ಯಜಮಾನನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸೌಟು ಹಿಡಿದು ಕಟ್ಟೆಯ ಹಿಂದೆ ನಿಂತವನು ಯಾರೇ ಆಗಲಿ, ಅವನು ದಳವಾಯಿ. "ದಳವಾಯಿ, ಇನ್ನೊಂದು ಬಿಯರು!" "ದಳವಾಯಿ, ಮೀನು ಇವತ್ತಿಂದಾ ನಿನ್ನೇದಾ?" ಶೋಜಿಗೆ ದಳವೇನೂ ಇರಲಿಲ್ಲ. ಇದ್ದವಳು ಸಾವಾಕೊ ಒಬ್ಬಳೇ, ಅವಳೂ ಆಜ್ಞೆ ಕೇಳುವವಳಲ್ಲ. ಗಂಡನನ್ನು ಅವಳು ಕರೆಯುವುದು 'ಏನ್ರೀ' ಎಂದು.

ಅವನ ನೋಟಕ್ಕೆ ಜಗ್ಗದೆ ನಿಧಾನವಾಗಿ ಉಣ್ಣುತ್ತಿದ್ದವರು ಉತ್ಸುಮಿ ಮೇಷ್ಟ್ರು ಒಬ್ಬರೇ. ಶಾಲೆಯಲ್ಲಿ ಶೋಜಿಗೆ ವಿಜ್ಞಾನ ಕಲಿಸಿದವರು. ಕಡೆಯ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು ಕೊಟ್ಟವರು. ಹೆಸರನ್ನು ತಪ್ಪಿಲ್ಲದೆ ಬರೆದಿದ್ದಕ್ಕೆ ಆ ಹನ್ನೊಂದು ಎಂದು ಹುಡುಗರು ಆಡಿಕೊಂಡಿದ್ದರು. ಹದಿನೈದಕ್ಕೆ ಶೋಜಿ ಪುಸ್ತಕ ಬಿಟ್ಟು ಚಿಕ್ಕಪ್ಪನ ಅಡುಗೆಮನೆ ಸೇರಿದ. ನಿವೃತ್ತರಾದ ಮೇಲೆ ಮೇಷ್ಟ್ರು ಇಪ್ಪತ್ತು ವರ್ಷ ಅವನ ಹೋಟೆಲಿಗೆ ಬಂದರು, ಹೋದರು. ಆ ಹನ್ನೊಂದರ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಎತ್ತದೇ ಇದ್ದದ್ದರಿಂದ ಅದು ಶೋಜಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಎಂಬತ್ತೊಂದರ ಮೇಷ್ಟ್ರು ವಸಂತದಲ್ಲಿ ಸೊಂಟ ಮುರಿದುಕೊಂಡು, ಗುಡ್ಡದಾಚೆಯ ವೃದ್ಧಾಶ್ರಮಕ್ಕೆ ಹೋಗುವುದೆಂದು ತಾವೇ ತೀರ್ಮಾನಿಸಿ, ಶೋಜಿಗೆ ಹೇಳಿ ಕಳಿಸಿದರು. ಹೋದರೆ, ಖಾಲಿಯಾಗುತ್ತಿದ್ದ ಮನೆಯ ನಡುವೆ ಒಂದು ಹಳೆಯ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲೊಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ತೂತಿನಿಂದ ಒಂದು ತಲೆ ಹೊರಬಂದು ಅವನನ್ನು ನಿರಾಸಕ್ತಿಯಿಂದ ನೋಡಿತು.

ಹಸಿರು ದಳವಾಯಿ. ಆ ಸೀಮೆಯ ರೈತರು ಆ ಹಾವಿಗೆ ಇಟ್ಟ ಹೆಸರೇ ಅದು. ನಮ್ಮ ಕೇರೆಹಾವಿನ ನಂಟ; ವಿಷವಿಲ್ಲ, ಸಿಟ್ಟೂ ಇಲ್ಲ. ಹದಿನಾಲ್ಕು ವರ್ಷದಿಂದ ಮೇಷ್ಟ್ರ ಜೊತೆಗಿತ್ತಂತೆ.

"ಇದು ಅಲ್ಲಿಗೆ ಬರೋ ಹಾಗಿಲ್ಲ. ನಿನಗೆ ಕೊಡೋಣ ಅಂತ," ಎಂದರು ಮೇಷ್ಟ್ರು.

"ನನಗಾ ಮೇಷ್ಟ್ರೇ? ನಾನು ಹನ್ನೊಂದು ಮಾರ್ಕಿನವನು."

"ಗೊತ್ತು. ಕೊಟ್ಟವನು ನಾನೇ ಅಲ್ವೇನೋ. ಆದ್ರೆ ಇಪ್ಪತ್ತು ವರ್ಷದಲ್ಲಿ ನೀನು ಒಂದು ಸತ್ತ ಮೀನನ್ನೂ ಒರಟಾಗಿ ಹಿಡಿದದ್ದು ನಾನು ನೋಡಿಲ್ಲ." ಮೇಷ್ಟ್ರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಒಂದು ತಿಂಗಳು ಟೈಮು. ಹೊಸ ಮನೇಲಿ ಅಷ್ಟರೊಳಗೆ ಅದು ತಿನ್ಬೇಕು. ತಿನ್ನಲಿಲ್ಲ ಅಂದ್ರೆ ನಿನ್ನ ಕೈ ಅದಕ್ಕೆ ಆಗಿಬರ್ಲಿಲ್ಲ ಅಂತ ಅರ್ಥ. ಪಟ್ಟಣದಲ್ಲಿ ಹಾವು ಸಾಕೋ ಒಬ್ಬರಿದ್ದಾರೆ, ಬಂದು ತಗೊಂಡು ಹೋಗ್ತಾರೆ. ಅದು ಅಷ್ಟು ದೂರ ಹೋದ್ಮೇಲೆ ನಾನಂತೂ ಇನ್ನು ಅದನ್ನ ನೋಡಲ್ಲ."

ಜೊತೆಗೊಂದು ಹಾಳೆ ಕೊಟ್ಟರು. ಮೊದಲ ಸಾಲು: ಡಬ್ಬಿ ತೊಳೆಯಬೇಡ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ನೋಡುತ್ತಾ ನಿಲ್ಲಬೇಡ.

ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಂದ ಶೋಜಿಗೆ ಹಾವಿಗಿಂತ ಹೆಚ್ಚಾಗಿ ಒಂದು ಪರೀಕ್ಷೆಯನ್ನು ಹೊತ್ತು ತರುತ್ತಿರುವಂತೆ ಅನ್ನಿಸಿತು. ಈ ಸಲ ಫೇಲಾಗಬಾರದು.

ಮನೆಗೆ ಸೊಸೆಯನ್ನು ತುಂಬಿಸಿಕೊಳ್ಳುವವರೂ ಅಷ್ಟು ಸಡಗರ ಮಾಡುವುದಿಲ್ಲ. ಮಹಡಿಯ ಪೂರ್ವದ ಕೋಣೆಯಲ್ಲಿ, ಆಳುದ್ದದ ಹೊಸ ಗಾಜಿನ ಮನೆ ಎದ್ದಿತು. ಒಂದು ತುದಿಗೆ ಬಿಸಿ, ಒಂದು ತುದಿಗೆ ತಂಪು, ಹತ್ತಲು ಕೊಂಬೆ, ಮೀಯಲು ಬೋಗುಣಿ. ಉಳಿದದ್ದು ಡಬ್ಬಿ. ನಲವತ್ತು ವರ್ಷ ಅಡುಗೆಮನೆಯ ಹಲಗೆ ಉಜ್ಜಿದ ಕೈ ಅದು. ಕಲೆ ಕಂಡರೆ ತಾನಾಗಿಯೇ ಹೋಗುತ್ತದೆ. ಹಾಳೆಯ ಮೊದಲ ಸಾಲು ನೆನಪಾಗುವಷ್ಟರಲ್ಲಿ ಅವನು ಡಬ್ಬಿಯನ್ನು ಬಿಸಿನೀರು, ವಿನಿಗರು ಹಾಕಿ ಕನ್ನಡಿಯಂತೆ ಬೆಳಗಿ ಮುಗಿಸಿದ್ದ. ಬೆಳಗಿದ ಮೇಲೆ ಅದು ಅಷ್ಟು ದೊಡ್ಡ ಮನೆಗೆ ಬಡತನವಾಗಿ ಕಂಡಿತು. ಅದನ್ನು ತೆಗೆದು, ಎರಡೂ ಕಡೆ ಗಾಳಿಯಾಡುವ ಮಣ್ಣಿನ ಕಮಾನೊಂದನ್ನು ಇಟ್ಟ.

ಅಷ್ಟು ಹೊತ್ತು ಒಂದು ಬುಟ್ಟಿಯಲ್ಲಿದ್ದ ಹಾವು ಗಾಜಿನ ಮನೆಗೆ ಇಳಿಯಿತು. ನಾಲಿಗೆ ಚಾಚಿ ಮೂಲೆ ಮೂಲೆ ಮೂಸಿತು. ತನ್ನದು ಅನ್ನುವ ಒಂದು ವಾಸನೆಯೂ ಅಲ್ಲಿರಲಿಲ್ಲ. ಕೊನೆಗೆ ಬೋಗುಣಿಯ ಹಿಂದೆ ಸುರುಳಿ ಸುತ್ತಿ, ತಲೆಯನ್ನು ಸುರುಳಿಯ ಅಡಿಗೆ ತುರುಕಿಕೊಂಡಿತು.

ಗಾಜಿಗೆ ಮೂಗು ತಗುಲುವಷ್ಟು ಕತ್ತು ಚಾಚಿ ಶೋಜಿ ಕೇಳಿದ: "ಹೇಗಿದೆ?"

"ನೋಡ್ತಾ ನಿಲ್ಬೇಡ ಅಂತ ಬರೆದಿದ್ದಾರಲ್ರೀ," ಎಂದಳು ಸಾವಾಕೊ.

"ನಿಂತಿಲ್ಲವಲ್ಲ. ಕೂತಿದ್ದೀನಿ."

ಒಂದು ವಾರದ ಮೇಲೆ ಮೊದಲ ಇಲಿ. ಹಾವು ಸಾಕುವವರಿಗೆಂದೇ ಮಾರುವ ಇಲಿಗಳು ಹಿಮಗಟ್ಟಿ ಬರುತ್ತವೆ. ಅವಕ್ಕೆಂದು ಸಾವಾಕೊ ಮಹಡಿಯಲ್ಲೇ ಬೇರೆ ಪುಟ್ಟ ಫ್ರಿಜ್ಜು, ಬೇರೆ ಕೆಂಪು ಬಕೆಟ್ಟು ಇಡಿಸಿದ್ದಳು. "ಈ ಬಕೆಟ್ಟು ಒಂದು ಮೆಟ್ಟಿಲು ಕೆಳಗಿಳಿದ್ರೂ ನಾನು ತೌರಿಗೆ ಹೊರಟೆ," ಎಂದಿದ್ದಳು. ಬಕೆಟ್ಟು ಇಳಿಯಲಿಲ್ಲ, ಆದರೆ ಕೆಳಗಿನಿಂದ ಒಣಮೀನಿನ ಸಾರು ಒಂದು ಬಟ್ಟಲು ಮೇಲಕ್ಕೆ ಬಂತು. ಬರೀ ನೀರಲ್ಲಿ ಬಿಸಿ ಮಾಡಿದ್ದನ್ನು ಅತಿಥಿಯ ಮುಂದಿಡಲು ಶೋಜಿಗೆ ಮನಸ್ಸು ಬರಲಿಲ್ಲ. ಇಲಿಯನ್ನು ಸಾರಿನಲ್ಲಿ ಅದ್ದಿ ಇಕ್ಕುಳದಲ್ಲಿ ಹಿಡಿದು ನೀಡಿದ. ಹಾವು ಮುಖ ತಿರುಗಿಸಿತು.

"ಉಪ್ಪು ಕಮ್ಮಿ ಆಯ್ತೇನೋ," ಎಂದಳು ಸಾವಾಕೊ.

ಶೋಜಿಗೆ ನಗು ಬರಲಿಲ್ಲ. ಅಂದಿನಿಂದ ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡತೊಡಗಿದ. ಕೊಂಬೆ ಬಲಕ್ಕಿಟ್ಟ, ಎಡಕ್ಕಿಟ್ಟ. ಬೋಗುಣಿ ಸರಿಸಿದ. ಹಾವು ಸರಿದ ಬೋಗುಣಿಯ ಹಿಂದೆಯೇ ಸರಿದು ಮತ್ತೆ ತಲೆ ಬಚ್ಚಿಟ್ಟಿತು. ಅದು ತೆಳ್ಳಗಾಯಿತೋ ಇಲ್ಲವೋ, ಶೋಜಿಯಂತೂ ತೆಳ್ಳಗಾದ.

ಇಷ್ಟೆಲ್ಲ ಗುಟ್ಟಾಗಿ ನಡೆಯಬೇಕಿತ್ತು. "ಹೋಟೆಲಿನ ಮೇಲೆ ಹಾವಿದೆ ಅಂದ್ರೆ ಯಾವನು ಬರ್ತಾನೆ ಊಟಕ್ಕೆ? ಹಾವು ಅನ್ನೋ ಮಾತೇ ಈ ಮನೆಯಿಂದ ಆಚೆ ಹೋಗ್ಬಾರ್ದು," ಎಂದು ಅವನು ತಾಕೀತು ಮಾಡಿದ್ದ. ಹಾಗಾಗಿ ಸಾವಾಕೊ ಅದನ್ನು ದಳವಾಯಿ ಎಂದೇ ಕರೆಯತೊಡಗಿದಳು. ದಳವಾಯಿಗೆ ನೀರಿಟ್ಟೆ, ದಳವಾಯಿ ಮಲಗಿದೆ. ಮೂವತ್ತು ವರ್ಷದಲ್ಲಿ ಅವಳ ಬಾಯಲ್ಲಿ ಒಮ್ಮೆಯೂ ಬಾರದ ಶಬ್ದ, ಬಂದದ್ದು ಹಾವಿಗೆ.

ಶನಿವಾರ ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರ ಫೋನು. ಎರಡನೇ ಶನಿವಾರ ಗಂಟೆ ಬಾರಿಸಿದಾಗ ಶೋಜಿ ಕೈ ಒರೆಸಿಕೊಂಡು ಫೋನು ಎತ್ತಿದ.

"ತಿಂತಾ?"

"ತಿಂತು ಮೇಷ್ಟ್ರೇ." ಮಾತು ತಾನಾಗಿ ಜಾರಿಬಿಟ್ಟಿತು.

"ಹಿಕ್ಕೆ ಹಾಕ್ತಾ?"

"ಹಾಕ್ತು."

"ಹೇಗಿತ್ತು?"

ಶೋಜಿ ಕಣ್ಣು ಮುಚ್ಚಿದ. ಮತ್ತೆ ಪ್ರಶ್ನೆಪತ್ರಿಕೆಯ ಮುಂದೆ ಕೂತ ಹಾಗಾಯಿತು. "ಚೆನ್ನಾಗಿತ್ತು," ಎಂದ.

ಆ ಕಡೆಯಿಂದ ಮೇಷ್ಟ್ರು "ಸರಿ" ಎಂದು ಫೋನು ಇಟ್ಟರು.

ಮೂರನೇ ವಾರ ಸಾವಾಕೊಗೇ ಕರುಣೆ ಹುಟ್ಟಿತು. ಪೂರ್ವದ ಕಿಟಕಿಯ ಕೆಳಗಿನ ಖಾಲಿ ಜಾಗದಲ್ಲಿ ದಿನಾ ಬೆಳಿಗ್ಗೆ ಓಣಿಯವರೆಲ್ಲ ರೇಡಿಯೋ ಹಾಕಿಕೊಂಡು ವ್ಯಾಯಾಮ ಮಾಡುತ್ತಾರೆ. ಅವರು ಒಟ್ಟಿಗೆ ಎಗರಿದರೆ ಮಹಡಿಯ ಗಾಜು ನಡುಗುತ್ತದೆ, ಹಾವು ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಓಣಿಯ ಸುತ್ತೋಲೆಯ ಹಲಗೆ ಅದೇ ದಿನ ಅವಳ ಬಾಗಿಲಿಗೆ ಬಂದಿತ್ತು. ಕಸದ ದಿನ, ಮೋರಿಯ ಕೆಲಸ, ಯಾವುದಿದ್ದರೂ ಆ ಹಲಗೆಗೆ ಹಾಳೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುತ್ತಾರೆ. ಓದಿದವರು ತಮ್ಮ ಹೆಸರಿನ ಮುದ್ರೆಯೊತ್ತಿ ಮುಂದಿನ ಮನೆಗೆ ಕೊಡುತ್ತಾರೆ. ಸಾವಾಕೊ ಹಾವು ಅನ್ನುವ ಮಾತು ಬಾರದ ಹಾಗೆ, ಚೆಂದದ ಅಕ್ಷರದಲ್ಲಿ ಬರೆದಳು:

"ನಮ್ಮ ದಳವಾಯಿಯ ವಾಸ ಮಹಡಿಯ ಪೂರ್ವದ ಕೋಣೆಗೆ ಬದಲಾಗಿ ಮೂರು ವಾರ. ಅಂದಿನಿಂದ ಊಟ ಮಾಡಿಲ್ಲ. ಕೋಣೆಯಲ್ಲಿ ಮೂಲೆ ಹಿಡಿದು ಮುದುಡುವುದೊಂದೇ. ದಯವಿಟ್ಟು ಕಿಟಕಿಯ ಕೆಳಗೆ ಗದ್ದಲ ಬೇಡ. ನೋಡಲು ಬರುವುದು ಬೇಡ. ಮುಟ್ಟುವುದಂತೂ ಬೇಡವೇ ಬೇಡ. ಸಾವಾಕೊ."

ಮುದ್ರೆಯೊತ್ತಿ, ಪಕ್ಕದ ಹಾಸಿಗೆ ಅಂಗಡಿಯ ಒಗುಶಿ ಅಮ್ಮನಿಗೆ ದಾಟಿಸಿದಳು. ನಾಯಿಯೋ ಬೆಕ್ಕೋ ಅಂದುಕೊಳ್ಳುತ್ತಾರೆ ಎಂಬುದು ಅವಳ ಎಣಿಕೆ. ಹಲಗೆ ಎರಡು ದಿನದಲ್ಲಿ ಹತ್ತೊಂಬತ್ತು ಮನೆ ಸುತ್ತಿತು. ಹತ್ತೊಂಬತ್ತು ಮನೆಯಲ್ಲೂ ದಳವಾಯಿ ಅಂದರೆ ಒಬ್ಬನೇ.

ಭಾನುವಾರ ಸಂಜೆ ಹೋಟೆಲಿನಲ್ಲಿ ಎಂಟೂ ಸ್ಟೂಲು ತುಂಬಿದ್ದವು, ಆದರೆ ಗಲಾಟೆಯಿಲ್ಲ. ದೋಣಿ ರಿಪೇರಿಯ ಕುರೊಸೆ, ಬಾಯಿ ತೆಗೆದರೆ ದೀಪಸ್ತಂಭಕ್ಕೆ ಕೇಳಿಸುವಂಥವನು, ಪಿಸುದನಿಯಲ್ಲಿ ಬಿಯರು ಕೇಳಿದ. ತನ್ನ ತಟ್ಟೆಯನ್ನು ಮೆಲ್ಲಗೆ ಶೋಜಿಯ ಕಡೆ ತಳ್ಳಿ, "ದಳವಾಯಿ, ನೀವೂ ಒಂದು ತುಂಡು..." ಎಂದ. ಸಾವಾಕೊ ಬಟ್ಟಲು ಹಿಡಿದು ಬಂದಾಗ ಎಂಟೂ ಮುಖ ಗೋಡೆಯ ಕಡೆ ತಿರುಗಿದವು. ಅವಳು ಒಳಹೋದ ಮೇಲೆ ಕುರೊಸೆ ಛಾವಣಿಗೆ ಹೇಳಿದ: "ಗಂಡಸಿಗೂ ಮನಸ್ಸು ಅಂತ ಒಂದಿರುತ್ತೆ."

ಯಾರಿಗೆ ಏನಾಗಿದೆಯೋ ಎಂದುಕೊಂಡು ಶೋಜಿ ಮೀನು ತಿರುವಿದ.

ಸೋಮವಾರ ಹೋಟೆಲಿಗೆ ರಜೆ. ಸಾವಾಕೊ ತಲೆಗೂದಲು ಕತ್ತರಿಸಿಕೊಳ್ಳಲು ಹೋಗಿದ್ದಳು. ಮಧ್ಯಾಹ್ನ ಬಾಗಿಲು ಸರಿದು, ಓಣಿಯ ಸಂಘದ ಅಧ್ಯಕ್ಷ ತೊಕಿವಾ ಒಳಬಂದರು. ಅಂಚೆ ಕಚೇರಿಯಲ್ಲಿ ದೊಡ್ಡವರಾಗಿ ನಿವೃತ್ತರಾದವರು. ಹಿಂದೆ ಒಗುಶಿ ಅಮ್ಮ, ಕುರೊಸೆ, ಇನ್ನೂ ಮೂವರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಂಟು.

"ಸುತ್ತೋಲೆ ಓದಿದ್ವಿ ದಳವಾಯಿ," ಎಂದರು ತೊಕಿವಾ. "ಬರ್ಬೇಡಿ ಅಂತಾನೂ ಬರೆದಿತ್ತು. ಬರ್ಬೇಡಿ ಅಂದಾಗ ಬರೋದೇ ನೆರೆಹೊರೆ."

ಸಾವಾಕೊ ಹಾವಿನ ವಿಷಯ ಬರೆದುಬಿಟ್ಟಳೇ ಎಂದುಕೊಂಡ ಶೋಜಿ. ಗುಟ್ಟು ರಟ್ಟಾಯಿತು! "ಎಲ್ಲರಿಗೂ... ಗೊತ್ತಾಯ್ತಾ?"

"ಹತ್ತೊಂಬತ್ತು ಮನೆಗೂ," ಎಂದರು ಒಗುಶಿ ಅಮ್ಮ. "ಅಲ್ಲಪ್ಪ, ಮೂರು ವಾರ! ಮೇಲೆ ಜಾಗ ಆದ್ರೂ ಸರಿಯಾಗಿದೆಯಾ?"

"ಜಾಗ ದೊಡ್ಡದೇ ಮಾಡಿಸಿದ್ದೀನಿ. ಪೂರ್ತಿ ಗಾಜು."

"ಗಾಜಿನೊಳಗಾ!" ಒಗುಶಿ ಅಮ್ಮ ಎದೆಗೆ ಕೈ ಒತ್ತಿಕೊಂಡರು. "ಆ ಸಾವಾಕೊ ಇಷ್ಟು ಗಟ್ಟಿಗಿತ್ತಿ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಕೂತ್ಕೊಳ್ಳಿ ಮೊದ್ಲು," ಎಂದು ಕುರೊಸೆ ಅವನ ತೋಳು ಹಿಡಿದು ಗಿರಾಕಿಯ ಸ್ಟೂಲಿನ ಮೇಲೆ ಕೂರಿಸಿದ. ಆ ಕಡೆಯಿಂದ ತನ್ನ ಕಟ್ಟೆಯನ್ನು ಶೋಜಿ ನೋಡಿದ್ದು ಅದೇ ಮೊದಲು. ಗಂಟುಗಳು ಬಿಚ್ಚಿಕೊಂಡವು. ಹುಳಿ ಹಣ್ಣು ಹಾಕಿದ ಗಂಜಿ, ಕಡಲಪಾಚಿ ಸುತ್ತಿದ ಅನ್ನದ ಉಂಡೆ, ಕೆಂಡದಲ್ಲಿ ಸುಟ್ಟ ಹಾವುಮೀನು. ಕಟ್ಟೆಯ ಹಿಂದೆ ಆರು ಜನ ಸಾಲಾಗಿ ನಿಂತು, ಹನ್ನೆರಡು ಕೈ ಊರಿ, ಆರು ಕತ್ತು ಚಾಚಿದರು.

ಶೋಜಿ ಹಾವುಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಗಂಜಿಯನ್ನೇ ಒಂದು ಚಮಚ ಬಾಯಿಗಿಟ್ಟ.

"ಹ್ಞಾ, ಅಗೀರಿ," ಎಂದರು ಒಗುಶಿ ಅಮ್ಮ.

"ಗಂಜಿ ಅಗಿಯೋದೇನು ಬಂತು? ನುಂಗ್ಲಿ ಬಿಡಿ," ಎಂದರು ತೊಕಿವಾ.

ಗಂಜಿ ಇಳಿಯಲೊಲ್ಲದು. ಹನ್ನೆರಡು ಕಣ್ಣು ಅವನ ಗಂಟಲ ಉಬ್ಬಿನ ಮೇಲೆ ನೆಟ್ಟಿದ್ದವು. ಅದು ಒಮ್ಮೆ ಏರಿ, ಅಲ್ಲೇ ನಿಂತು, ಬಹಳ ಕಷ್ಟದಿಂದ ಇಳಿಯಿತು. ಕೂಡಲೇ ಕುರೊಸೆ ಬಗ್ಗಿ ಕೇಳಿದ: "ಹೇಗಿದೆ?"

ಶೋಜಿ ಎದ್ದ. "ಒಂದು ನಿಮಿಷ," ಎಂದು, ಯಾಕೆಂದು ತಿಳಿಯದೆಯೇ ಒಂದು ಅನ್ನದ ಉಂಡೆ ಕೈಗೆತ್ತಿಕೊಂಡು ಮೆಟ್ಟಿಲು ಹತ್ತಿ ಓಡಿದ. ಪೂರ್ವದ ಕೋಣೆ ಹೊಕ್ಕು, ಹಾಸಿಗೆ ಇಡುವ ಗೋಡೆಕಪಾಟಿನ ಕೆಳಗಿನ ಗೂಡಿಗೆ ನುಸುಳಿ ಬಾಗಿಲು ಎಳೆದುಕೊಂಡ. ಮೊಣಕಾಲು ಎದೆಗೆ ಬಂತು. ಬೆನ್ನಿಗೆ ಹಲಗೆ, ಎರಡೂ ಭುಜಕ್ಕೆ ಹಳೆಯ ಹಾಸಿಗೆಗಳು. ಮೂವತ್ತು ವರ್ಷದ ತಮ್ಮದೇ ನಿದ್ದೆಯ ವಾಸನೆ. ಉಸಿರು ನಿಧಾನವಾಯಿತು. ಉಂಡೆಯನ್ನು ಒಂದು ಕಚ್ಚಿದ, ಎರಡು ಕಚ್ಚಿದ. ಉಪ್ಪು ಹದವಾಗಿತ್ತು. ಅನ್ನಕ್ಕೆ ಇಷ್ಟು ರುಚಿಯಿರುವುದೇ ಅವನಿಗೆ ಮರೆತುಹೋಗಿತ್ತು.

ಬಾಗಿಲ ಸಂದಿನಿಂದ ಗಾಜಿನ ಮನೆ ಕಾಣುತ್ತಿತ್ತು. ನಾಲ್ಕೂ ಕಡೆಯಿಂದ ಮಧ್ಯಾಹ್ನದ ಬೆಳಕು ಅದರೊಳಕ್ಕೆ ಸುರಿಯುತ್ತಿತ್ತು. ಆಳುದ್ದದ ಅಷ್ಟೂ ಜಾಗದಲ್ಲಿ, ಒಂದು ಬೋಗುಣಿಯ ನೆರಳಿಗೆ ಒತ್ತಿಕೊಂಡು, ತಲೆ ಬಚ್ಚಿಟ್ಟುಕೊಂಡ ಒಂದು ಜೀವ.

ಬಾಯಲ್ಲಿ ಅನ್ನವಿಟ್ಟುಕೊಂಡೇ ಶೋಜಿ, "ಅಯ್ಯೋ," ಎಂದ. "ಅಯ್ಯೋ ನಿನ್ನ."

ಅಷ್ಟರಲ್ಲಿ ಕೆಳಗೆ ಸಾವಾಕೊ ಬಂದದ್ದು, ಒಗುಶಿ ಅಮ್ಮ ಅವಳನ್ನು ತರಾಟೆಗೆ ತೆಗೆದುಕೊಂಡದ್ದು ಕೇಳಿಸಿತು. "ಗಂಡನ್ನ ಗಾಜಲ್ಲಿ ಕೂಡಿ ಹಾಕಿ ತಲೆಗೂದಲು ಮಾಡಿಸ್ಕೊಳ್ಳಕ್ಕೆ ಹೋಗ್ತೀಯಲ್ಲೇ!" ಅದಕ್ಕೆ ಸಾವಾಕೊಳ ಕೂಗು: "ಇವರಲ್ಲ ಕಣ್ರೀ! ಹಾವು! ಹಾವಿನ ಹೆಸರು ದಳವಾಯಿ!"

ಕೂಡಲೇ ಕುರೊಸೆಯ, ದೀಪಸ್ತಂಭಕ್ಕೆ ಕೇಳಿಸುವ ದನಿ: "ಹಾವಾ? ಎಲ್ಲಿ, ಎಲ್ಲಿ? ನೋಡೋಣ!" ಮೆಟ್ಟಿಲ ಮೇಲೆ ಹದಿನಾಲ್ಕು ಕಾಲಿನ ಸದ್ದು.

ಶೋಜಿ ಕಪಾಟಿನಿಂದ ಉರುಳಿ ಹೊರಬಂದು ಮೆಟ್ಟಿಲ ತಲೆಯಲ್ಲಿ ಕೈಯಗಲಿಸಿ ನಿಂತ. ಗದ್ದಕ್ಕೆ ಎರಡು ಅಗುಳು ಅಂಟಿದ್ದವು. ಬಂದವರನ್ನು ಬಾಗಿಲಲ್ಲಿ ತಡೆದವನಲ್ಲ ಅವನು. ಆ ಮಾತು ಹೇಗೆ ಆಡುವುದೆಂದೂ ಗೊತ್ತಿರಲಿಲ್ಲ.

"ಯಾರೂ ಬರ್ಬೇಡಿ," ಎಂದ. "ನೋಡೋದು ಬೇಡ. ನಾನೂ ನೋಡಲ್ಲ ಇನ್ಮೇಲೆ."

ಅವರು ಇಳಿದರು. ಶೋಜಿ ಒಣಗಿದ ಕಡಲಪಾಚಿ ಬರುವ ಒಂದು ಇಕ್ಕಟ್ಟಿನ ಮರದ ಪೆಟ್ಟಿಗೆ ಹುಡುಕಿ, ಒಂದು ಬದಿಗೆ ತೂತು ಕೊರೆದ. ತೊಳೆಯಲಿಲ್ಲ. ಹಾವು ಮೂರು ವಾರ ಮಲಗಿದ್ದ ಕೊಳೆ ಕಾಗದವನ್ನು ಬದಲಿಸಬೇಕೆಂದು ಅವನ ಕೈ ದಿನಾ ತುರಿಸುತ್ತಿತ್ತು. ಅದೇ ಕಾಗದವನ್ನು ಹರಿದು ಪೆಟ್ಟಿಗೆಯೊಳಗೆ ಹಾಸಿದ. ಗಾಜಿನ ನಾಲ್ಕೂ ಮೈಗೆ ಹಳೆಯ ಪತ್ರಿಕೆ ಅಂಟಿಸಿದ. ಬರೀ ಬಿಸಿನೀರಿನಲ್ಲಿ ಬೆಚ್ಚಗಾದ ಇಲಿಯನ್ನು ತೂತಿನ ಬಾಯಲ್ಲಿಟ್ಟು, ಮುಚ್ಚಳ ಹಾಕಿ, ಹಿಂದೆ ನೋಡದೆ ಕೆಳಗಿಳಿದ.

ಕೆಳಗೆ ಯಾರೂ ಮನೆಗೆ ಹೋಗಿರಲಿಲ್ಲ. ತಂದ ಊಟವನ್ನು ತಾವೇ ಉಣ್ಣುತ್ತಾ ಪಿಸುಪಿಸು ಮಾತಾಡುತ್ತಿದ್ದರು. ಕುರೊಸೆ ಸೀನಿದ, ಎಲ್ಲರೂ ಅವನನ್ನು ಕೊಲ್ಲುವ ಹಾಗೆ ನೋಡಿದರು. ಶೋಜಿ ಒರೆಸಿದ ಕಟ್ಟೆಯನ್ನೇ ಒರೆಸಿದ. ತಿಂಗಳು ಮುಗಿಯಲು ಎಂಟು ದಿನ ಉಳಿದಿದ್ದವು.

"ಒಂದ್ಸಲ ಇಣುಕಿ ಬರ್ಬಾರ್ದಾ?" ಎಂದರು ತೊಕಿವಾ, ಗಂಟೆ ಎರಡಾದಾಗ.

"ಬೇಡ."

"ಸುಮ್ನೆ, ಬಾಗಿಲಿಂದ?"

"ಬೇಡ ಅಂದ್ನಲ್ಲ."

ಸಾವಾಕೊ ಅವನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಸ್ಟೂಲನ್ನು ಗೋಡೆಯ ಕಡೆಯಿಂದ ಇತ್ತ ತಿರುಗಿಸಿಕೊಂಡು, ಅವನೆದುರೇ ಹಾವುಮೀನಿನ ತುಂಡೊಂದನ್ನು ಬಾಯಿಗಿಟ್ಟಳು. ಶೋಜಿ ಕಿಟಕಿಯಾಚೆ ಬಂದರಿನ ನೀರನ್ನು ನೋಡುತ್ತಾ ನಿಂತ.

ನಾಲ್ಕು ಗಂಟೆಗೆ ಅವನೊಬ್ಬನೇ ಮೇಲೆ ಹೋದ. ಪತ್ರಿಕೆಯ ಒಂದು ಮೂಲೆಯನ್ನು ಬೆರಳ ತುದಿಯಿಂದ ಎತ್ತಿದ. ಇಲಿ ಇರಲಿಲ್ಲ. ಪೆಟ್ಟಿಗೆಯ ತೂತಿನಾಚೆ, ಕತ್ತಲಲ್ಲಿ, ನಾಲ್ಕೂ ಹಲಗೆಗೆ ಮೈ ತಾಗಿಸಿ ಸುತ್ತಿಕೊಂಡ ಸುರುಳಿ. ಸುರುಳಿಯ ನಡುವೆ ಒಂದು ದಪ್ಪ ಉಬ್ಬು. ಶೋಜಿ ಮೂಲೆಯನ್ನು ಮತ್ತೆ ಅಂಟಿಸಿ, ತುದಿಗಾಲಲ್ಲಿ ಹೊರಬಂದು, ಪಡಸಾಲೆಯ ಫೋನು ಎತ್ತಿದ.

"ಮೇಷ್ಟ್ರೇ, ನಾನು ಶೋಜಿ."

"ಯಾಕೋ ಪಿಸುಗುಡ್ತಿದ್ದೀಯಾ?"

"ಊಟ ಆಯ್ತು. ಇವತ್ತು. ನಿಜವಾಗ್ಲೂ."

ಆ ಕಡೆಯ ದನಿಯೂ ತಗ್ಗಿತು. "ತಿನ್ನೋವಾಗ ನೀನು ನೋಡಿದ್ಯಾ?"

"ಇಲ್ಲ. ಕೆಳಗಿದ್ದೆ." ಶೋಜಿ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. "ಮೇಷ್ಟ್ರೇ, ಆವತ್ತು ತಿಂತು ಅಂದದ್ದು ಸುಳ್ಳು."

"ಗೊತ್ತು. ಅಷ್ಟು ವರ್ಷ ಪಾಠ ಮಾಡಿದೆ, ಹಿಕ್ಕೆ ಚೆನ್ನಾಗಿತ್ತು ಅಂದೋನು ನೀನೊಬ್ಬನೇ."

"ಮತ್ತೆ ಆ ಪಟ್ಟಣದವರನ್ನ ಯಾಕೆ ಕಳಿಸ್ಲಿಲ್ಲ?"

"ತಿಂಗಳು ಮುಗಿದಿರ್ಲಿಲ್ಲವಲ್ಲ." ಊರುಗೋಲು ಕುಟ್ಟಿದ ಸದ್ದಾಯಿತು. "ಇನ್ನು ಅವರಿಗೆ ಬರೋದು ಬೇಡ ಅಂತ ಹೇಳ್ತೀನಿ. ಶೋಜಿ, ನಾಳೆ ಬಸ್ಸಿಗೆ ಬಂದು ಒಂದ್ಸಲ ನೋಡ್ಕೊಂಡು ಹೋಗ್ಲಾ?"

ಶೋಜಿ ಫೋನಿನ ದಾರವನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ.

"ಈಗ ಬೇಡ ಮೇಷ್ಟ್ರೇ," ಎಂದ. "ತಿಂದದ್ದು ಅರಗಲಿ. ಹತ್ತು ದಿನ ಬಿಟ್ಟು ಬನ್ನಿ."

ಆ ಕಡೆ ಮುದುಕನೊಬ್ಬ ಸದ್ದಾಗದ ಹಾಗೆ ನಗಲು ಹೋಗಿ ಕೆಮ್ಮತೊಡಗಿದ್ದು ಕೇಳಿಸಿತು. ಅದರ ಹಿಂದೆ ಒಬ್ಬ ದಾದಿಯ ಗಾಬರಿಯ ದನಿ: "ಏನಾಯ್ತು ಅಜ್ಜ? ನೀರು ಕೊಡ್ಲಾ?"

"ಶ್!" ಎಂದರು ಮೇಷ್ಟ್ರು, ಗುಡ್ಡದಾಚೆಯಿಂದ. "ಮೆಲ್ಲಗೆ ಮಾತಾಡಮ್ಮ. ಅಲ್ಲಿ ಒಬ್ಬರು ಊಟ ಮಾಡಿ ಮಲಗಿದ್ದಾರೆ."